ಕೋಡ್ ಬರೆಯದೆ ಆಟ ಕಟ್ಟುವ ವಿದ್ಯೆ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ನನ್ನ ಅಕ್ಕನ ಮಕ್ಕಳಿಬ್ಬರ ನಡುವೆ ಒಂದು ಸಣ್ಣ ವಿವಾದ ಹುಟ್ಟಿತು. ಹಿರಿಯವನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೆಯ ವರ್ಷ ಓದುತ್ತಿರುವ ತರುಣ. ಕಿರಿಯವಳು ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಹುಡುಗಿ. ಆಕೆ ನಾಲ್ಕು ದಿನ ಗಣಕಯಂತ್ರದ ಮುಂದೆ ಕುಳಿತು ಒಂದು ಚೆಂಡಾಟವನ್ನು ಕಟ್ಟಿದ್ದಳು. ತೆರೆಯ ಮೇಲೆ ಚೆಂಡು ಓಡುತ್ತಿತ್ತು. ಕೆಳಗಿನ ಹಲಗೆಗೆ ತಗಲಿ ಪುಟಿಯುತ್ತಿತ್ತು. ಮೇಲಿನ ಇಟ್ಟಿಗೆಗಳನ್ನು ಒಂದೊಂದಾಗಿ ಬೀಳಿಸುತ್ತಿತ್ತು. ಒಂದೊಂದು ಇಟ್ಟಿಗೆ ಬಿದ್ದಾಗಲೂ ಅಂಕ ಏರುತ್ತಿತ್ತು. ಇಷ್ಟೆಲ್ಲವನ್ನೂ ಆಕೆ ಒಂದು ಸಾಲು ಕೋಡ್ ಕೂಡ ಬರೆಯದೆ, ಬಣ್ಣಬಣ್ಣದ ಬ್ಲಾಕುಗಳನ್ನು ಮೌಸಿನಿಂದ ಎಳೆದು ಒಂದರ ಕೆಳಗೊಂದು ಜೋಡಿಸಿ ಸಾಧಿಸಿದ್ದಳು. ಸಂತೋಷದಿಂದ ಅಣ್ಣನಿಗೆ ತೋರಿಸಿದಾಗ ಅವನು ನಕ್ಕು, "ಇದು ಮಕ್ಕಳಾಟ ಕಣೇ. ಇದನ್ನು ಪ್ರೋಗ್ರಾಮಿಂಗ್ ಅಂತ ಯಾರೂ ಕರೆಯುವುದಿಲ್ಲ" ಎಂದುಬಿಟ್ಟನು. ಹುಡುಗಿಯ ಮುಖ ಬಾಡಿತು. ಮರುದಿನ ಆಕೆ ಗಣಕಯಂತ್ರದ ಹತ್ತಿರ ಸುಳಿಯಲಿಲ್ಲ. ಸಂಜೆ ನನ್ನ ಬಳಿಗೆ ಬಂದು, "ಮಾವ, ನಾನು ಮಾಡಿದ್ದು ನಿಜವಾಗಿಯೂ ಪ್ರೋಗ್ರಾಮ್ ಅಲ್ಲವಾ?" ಎಂದು ಕೇಳಿದಳು.

ಈ ಪ್ರಶ್ನೆ ಆ ಹುಡುಗಿಯೊಬ್ಬಳದಲ್ಲ. ಇಂದು ನಮ್ಮ ನಾಡಿನ ಎಷ್ಟೋ ಮಂದಿ ವಿದ್ಯಾರ್ಥಿಗಳು ಇದೇ ರೀತಿಯ ಸಾಧನಗಳಿಂದ ಆಟಗಳನ್ನು ಕಟ್ಟುತ್ತಿದ್ದಾರೆ. ಇದೇ ಸಂದೇಹಕ್ಕೆ ಸಿಕ್ಕಿಕೊಳ್ಳುತ್ತಿದ್ದಾರೆ. ಅವರ ಸುತ್ತ ಎರಡು ಬಗೆಯ ಮಾತು ಕೇಳಿಬರುತ್ತದೆ. ಸಾಧನಗಳನ್ನು ಮಾರುವವರು, "ಇನ್ನು ಪ್ರೋಗ್ರಾಮಿಂಗ್ ಕಲಿಯುವ ಅಗತ್ಯವೇ ಇಲ್ಲ, ಯಾರು ಬೇಕಾದರೂ ಆಟ ಮಾಡಬಹುದು" ಎನ್ನುತ್ತಾರೆ. ಕೋಡ್ ಬಲ್ಲವರಲ್ಲಿ ಕೆಲವರು, "ಅಕ್ಷರಗಳಲ್ಲಿ ಬರೆದದ್ದಲ್ಲವಾದರೆ ಅದು ಪ್ರೋಗ್ರಾಮೇ ಅಲ್ಲ" ಎನ್ನುತ್ತಾರೆ. ಮೇಲುನೋಟಕ್ಕೆ ಇವು ಪರಸ್ಪರ ವಿರುದ್ಧವಾದ ಮಾತುಗಳು. ಆದರೆ ಎರಡರ ಬುಡದಲ್ಲಿಯೂ ಇರುವ ತಪ್ಪು ಒಂದೇ. ಪ್ರೋಗ್ರಾಮಿಂಗ್ ಎಂದರೆ ಅಕ್ಷರಗಳನ್ನು ಬೆರಳಚ್ಚಿಸುವ ಕೆಲಸವೆಂದು ಇಬ್ಬರೂ ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ಪ್ರೋಗ್ರಾಮ್ ಎಂದರೇನು? ಯಾವ ಸಂದರ್ಭದಲ್ಲಿ ಏನು ಮಾಡಬೇಕು, ಯಾವುದಾದ ಮೇಲೆ ಯಾವುದನ್ನು ಮಾಡಬೇಕು, ಎಷ್ಟು ಸಲ ಮಾಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಯಂತ್ರಕ್ಕೆ ಸಂದೇಹಕ್ಕೆ ಎಡೆಯಿಲ್ಲದಂತೆ ತಿಳಿಸುವ ಆದೇಶಗಳ ಸರಣಿಯೇ ಪ್ರೋಗ್ರಾಮ್. ಆ ಆದೇಶಗಳನ್ನು ಯಾವ ರೂಪದಲ್ಲಿ ಕೊಡುತ್ತೇವೆ ಎಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಗಣಕಯಂತ್ರಗಳ ಆರಂಭಕಾಲದಲ್ಲಿ ಆದೇಶಗಳನ್ನು ಕೇವಲ ಸಂಖ್ಯೆಗಳಲ್ಲಿ ಬರೆಯಬೇಕಾಗಿತ್ತು. 1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವನ ಸಂಗಡಿಗರು ಐ.ಬಿ.ಎಂ. ಸಂಸ್ಥೆಯಲ್ಲಿ ಫೋರ್ಟ್ರಾನ್ ಭಾಷೆಯನ್ನು ಸಿದ್ಧಪಡಿಸಿದರು. ಗಣಿತದ ಸೂತ್ರವನ್ನು ಹೆಚ್ಚು ಕಡಮೆ ಸೂತ್ರದ ರೂಪದಲ್ಲಿಯೇ ಬರೆದರೆ ಯಂತ್ರಕ್ಕೆ ಬೇಕಾದ ಸಂಖ್ಯಾರೂಪದ ಆದೇಶಗಳನ್ನು ಯಂತ್ರವೇ ಸಿದ್ಧಪಡಿಸಿಕೊಳ್ಳುವಂತಾಯಿತು. ಸಂಖ್ಯೆಗಳಲ್ಲಿ ಬರೆದು ಪಳಗಿದ್ದವರಲ್ಲಿ ಹಲವರು ಇದನ್ನು ನಂಬಲಿಲ್ಲ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಕೆಮೆನಿ ಮತ್ತು ಕರ್ಟ್ಸ್ ಎಂಬ ಅಧ್ಯಾಪಕರು, ವಿಜ್ಞಾನವನ್ನು ಓದದ ವಿದ್ಯಾರ್ಥಿಗಳೂ ಬಳಸಬಲ್ಲಂತಹ ಬೇಸಿಕ್ ಭಾಷೆಯನ್ನು ರೂಪಿಸಿದರು. ಹೀಗೆ ಒಂದೊಂದು ಹೆಜ್ಜೆಯಲ್ಲಿಯೂ ಯಂತ್ರ ಮನುಷ್ಯನ ಕಡೆಗೆ ಸ್ವಲ್ಪ ಸ್ವಲ್ಪ ಬಾಗಿತು. ಇಂದು ಅಕ್ಷರಗಳ ಕೋಡನ್ನು ಮಾತ್ರವೇ ನಿಜವಾದುದೆಂದು ಹೇಳುವವನು, ತಾನು ಬರೆಯುವ ಕೋಡ್ ಕೂಡ ಒಂದು ಕಾಲಕ್ಕೆ ಇಂತಹದೇ ಸೌಕರ್ಯವಾಗಿತ್ತು ಎಂಬುದನ್ನು ಮರೆತಿದ್ದಾನೆ.

ಆದೇಶಗಳನ್ನು ಚಿತ್ರದಲ್ಲಿ ಕೊಡುವ ಯೋಚನೆಯೂ ನಿನ್ನೆ ಮೊನ್ನೆಯದಲ್ಲ. 1966ರಲ್ಲಿ ವಿಲಿಯಂ ಸದರ್ಲೆಂಡ್ ಎಂಬಾತನು ಅಮೆರಿಕದ ಎಂ.ಐ.ಟಿ.ಯಲ್ಲಿ ಬರೆದ ಪ್ರೌಢಪ್ರಬಂಧದ ವಿಷಯವೇ ಇದು. ಟಿ.ಎಕ್ಸ್-2 ಎಂಬ ಗಣಕಯಂತ್ರದ ತೆರೆಯ ಮೇಲೆ ಪೆಟ್ಟಿಗೆಗಳನ್ನೂ ಅವುಗಳನ್ನು ಕೂಡಿಸುವ ಗೆರೆಗಳನ್ನೂ ಬರೆದು ಲೆಕ್ಕ ಮಾಡಿಸುವ ವಿಧಾನವನ್ನು ಅವನು ತೋರಿಸಿಕೊಟ್ಟನು. 1967ರಲ್ಲಿ ಸೆಮೂರ್ ಪೇಪರ್ಟ್, ವಾಲಿ ಫರ್ಜಿಗ್ ಮತ್ತು ಸಿಂಥಿಯಾ ಸಾಲೊಮನ್ ಸೇರಿ ಮಕ್ಕಳಿಗಾಗಿ ಲೋಗೋ ಭಾಷೆಯನ್ನು ನಿರ್ಮಿಸಿದರು. ಅದು ಅಕ್ಷರಗಳ ಭಾಷೆಯೇ ಆದರೂ, ಮಕ್ಕಳು ಕಟ್ಟುತ್ತ ಕಲಿಯಬೇಕೆಂಬ ತತ್ವ ಅದರಿಂದ ಬೇರೂರಿತು. 1980ರ ದಶಕದ ಆರಂಭದಲ್ಲಿ ಬಿಲ್ ಬಜ್ ಎಂಬವನ 'ಪಿನ್‌ಬಾಲ್ ಕನ್‌ಸ್ಟ್ರಕ್ಷನ್ ಸೆಟ್' ಮಾರುಕಟ್ಟೆಗೆ ಬಂದಿತು. ಅದರಲ್ಲಿ ಆಟದ ಬಿಡಿಭಾಗಗಳನ್ನು ತೆರೆಯ ಮೇಲೆ ಎಳೆದು ಇಟ್ಟು ಯಾರಾದರೂ ತಮ್ಮದೇ ಪಿನ್‌ಬಾಲ್ ಮೇಜನ್ನು ಕಟ್ಟಬಹುದಾಗಿತ್ತು. 2007ರಲ್ಲಿ ಎಂ.ಐ.ಟಿ.ಯ ಮಿಚೆಲ್ ರೆಸ್ನಿಕ್ ಮತ್ತು ಸಂಗಡಿಗರು 'ಸ್ಕ್ರ್ಯಾಚ್' ಎಂಬ ಸಾಧನವನ್ನು ಜಗತ್ತಿನ ಮಕ್ಕಳಿಗೆಲ್ಲ ಉಚಿತವಾಗಿ ಒದಗಿಸಿದರು. 2014ರಲ್ಲಿ ಹೊರಬಂದ 'ಅನ್‌ರಿಯಲ್ ಎಂಜಿನ್ 4' ಎಂಬ ವೃತ್ತಿಪರ ಸಾಧನದಲ್ಲಿ 'ಬ್ಲೂಪ್ರಿಂಟ್' ಎಂಬ ಚಿತ್ರರೂಪದ ಪದ್ಧತಿ ಸೇರಿತು. ಮಕ್ಕಳ ಕೊಠಡಿಯಲ್ಲಿಯೂ ದೊಡ್ಡ ಕಂಪೆನಿಗಳ ಕಾರ್ಯಾಗಾರದಲ್ಲಿಯೂ ಒಂದೇ ತತ್ವ ಕೆಲಸ ಮಾಡುತ್ತಿರುವುದನ್ನು ವಾಚಕರು ಗಮನಿಸಬೇಕು.

ಈ ಸಾಧನಗಳು ಹೇಗೆ ಕೆಲಸ ಮಾಡುತ್ತವೆ? ಸ್ಕ್ರ್ಯಾಚನ್ನೇ ತೆಗೆದುಕೊಳ್ಳೋಣ. ಅಲ್ಲಿ ಒಂದೊಂದು ಆದೇಶವೂ ಒಂದೊಂದು ಬ್ಲಾಕು. "ಹತ್ತು ಹೆಜ್ಜೆ ಸಾಗು" ಎಂಬುದು ಒಂದು ಬ್ಲಾಕು. "ಮತ್ತೆ ಮತ್ತೆ ಮಾಡು" ಎಂಬುದು ಬಾಯಿ ತೆರೆದ ಇನ್ನೊಂದು ಬ್ಲಾಕು, ಅದರ ಬಾಯೊಳಗೆ ಇಟ್ಟ ಆದೇಶಗಳೆಲ್ಲ ಪುನರಾವರ್ತನೆಯಾಗುತ್ತವೆ. "ಹಲಗೆಗೆ ತಗಲಿದೆಯೇ?" ಎಂಬಂತಹ ಪ್ರಶ್ನೆಗಳ ಬ್ಲಾಕು ಆರು ಮೂಲೆಯದು, ಸಂಖ್ಯೆಗಳನ್ನು ಕೊಡುವ ಬ್ಲಾಕಿನ ಅಂಚು ದುಂಡು. "ಆದರೆ" ಎಂಬ ಬ್ಲಾಕಿನಲ್ಲಿರುವ ಆರು ಮೂಲೆಯ ಕುಳಿಯಲ್ಲಿ ದುಂಡು ಅಂಚಿನ ಬ್ಲಾಕು ಕೂರುವುದಿಲ್ಲ. ಆದುದರಿಂದ ವ್ಯಾಕರಣದ ತಪ್ಪು ಮಾಡುವುದೇ ಅಸಾಧ್ಯವಾಗುತ್ತದೆ. ಅಕ್ಷರದ ಕೋಡಿನಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಇಡೀ ಪ್ರೋಗ್ರಾಮ್ ಓಡದೆ ನಿಲ್ಲುವ ಅನುಭವ ಕಾಲೇಜಿನ ವಿದ್ಯಾರ್ಥಿಗಳಿಗೆ ಹೊಸದಲ್ಲ. ಅನ್‌ರಿಯಲ್‌ನಂತಹ ಸಾಧನಗಳಲ್ಲಿ ಬ್ಲಾಕುಗಳ ಬದಲು ಪೆಟ್ಟಿಗೆಗಳಿದ್ದು, ಅವುಗಳನ್ನು ತಂತಿಗಳಂತಹ ಗೆರೆಗಳಿಂದ ಕೂಡಿಸಲಾಗುತ್ತದೆ.

ಹೀಗೆ ಚಿತ್ರರೂಪದ ಸಾಧನವು ಕಾಗುಣಿತದ ಮತ್ತು ಚಿಹ್ನೆಗಳ ಕಷ್ಟವನ್ನು ತೆಗೆದುಹಾಕುತ್ತದೆ. ಹಾಗಾದರೆ ಉಳಿಯುವುದೇನು? ಇದನ್ನು ತಿಳಿಯಲು ಆ ಹುಡುಗಿಯ ಆಟಕ್ಕೇ ಹಿಂದಿರುಗೋಣ. ನಾನು ಆಟವನ್ನು ತೋರಿಸೆಂದು ಕೇಳಿದಾಗ ಆಕೆ ಸಂಕೋಚದಿಂದ ಒಂದು ದೋಷವನ್ನು ಹೇಳಿದಳು. ಆಟ ಮುಂದುವರಿದಂತೆ ಚೆಂಡಿನ ವೇಗ ಹೆಚ್ಚುವಂತೆ ಆಕೆ ಏರ್ಪಡಿಸಿದ್ದಳು. ವೇಗ ಒಂದು ಮಟ್ಟವನ್ನು ಮೀರಿದ ಮೇಲೆ ಚೆಂಡು ಒಮ್ಮೊಮ್ಮೆ ಹಲಗೆಗೆ ತಗಲದೆ, ಹಲಗೆಯೇ ಇಲ್ಲವೆಂಬಂತೆ ಅದರ ಮೂಲಕ ಕೆಳಗಿಳಿದು ಹೋಗುತ್ತಿತ್ತು. ಬ್ಲಾಕುಗಳೆಲ್ಲವೂ ಸರಿಯಾಗಿಯೇ ಜೋಡಣೆಯಾಗಿದ್ದುವು. ತಪ್ಪು ಎಲ್ಲಿ?

ತೆರೆಯ ಮೇಲಿನ ಚೆಂಡು ಮೈದಾನದ ಚೆಂಡಿನಂತೆ ಎಡೆಬಿಡದೆ ಚಲಿಸುವುದಿಲ್ಲ. ಚಲನಚಿತ್ರದಲ್ಲಿರುವಂತೆ ಸೆಕೆಂಡಿಗೆ 30 ಅಥವಾ 60 ಸಲ ಅದನ್ನು ಹೊಸ ಸ್ಥಾನದಲ್ಲಿ ಬರೆಯಲಾಗುತ್ತದೆ. ನಡುವಣ ಸ್ಥಾನಗಳಲ್ಲಿ ಅದು ಇರುವುದೇ ಇಲ್ಲ. ಸೆಕೆಂಡಿಗೆ 30 ಸಲವೆಂದೂ ಚೆಂಡಿನ ವೇಗ ಸೆಕೆಂಡಿಗೆ 600 ಮಾನವೆಂದೂ ಇಟ್ಟುಕೊಂಡರೆ, ಅದರ ಒಂದು ಹೆಜ್ಜೆ 20 ಮಾನದಷ್ಟಾಯಿತು. ಹಲಗೆಯ ದಪ್ಪ 8 ಮಾನ, ಚೆಂಡಿನ ವ್ಯಾಸ 6 ಮಾನ ಎನ್ನೋಣ. ಚೆಂಡಿನ ಕೇಂದ್ರವು ಹಲಗೆಯ ನಡುಗೆರೆಯಿಂದ ಮೇಲಕ್ಕಾಗಲಿ ಕೆಳಕ್ಕಾಗಲಿ 7 ಮಾನದೊಳಗೆ ಇದ್ದಾಗ ಮಾತ್ರ ಎರಡೂ ಒಂದನ್ನೊಂದು ತಗಲುತ್ತವೆ. ಎಂದರೆ ತಗಲುವ ವಲಯದ ಅಗಲ 14 ಮಾನ. ಈಗ ಚೆಂಡಿನ ಕೇಂದ್ರ ನಡುಗೆರೆಯಿಂದ 8 ಮಾನ ಮೇಲೆ ಇದ್ದರೆ, ಅದಿನ್ನೂ ಹಲಗೆಗೆ ತಗಲಿಲ್ಲ. ನೇರವಾಗಿ ಕೆಳಕ್ಕೆ ಇನ್ನೊಂದು ಹೆಜ್ಜೆ ಇಟ್ಟಾಗ ಅದು ನಡುಗೆರೆಯಿಂದ 12 ಮಾನ ಕೆಳಗೆ ಇರುತ್ತದೆ, ಆಗಲೂ ತಗಲಿಲ್ಲ. "ತಗಲಿದೆಯೇ?" ಎಂಬ ಪ್ರಶ್ನೆಗೆ ಎರಡು ಸಲವೂ "ಇಲ್ಲ" ಎಂಬ ಪ್ರಾಮಾಣಿಕವಾದ ಉತ್ತರವೇ ಬಂದಿತು; ಚೆಂಡು ಮಾತ್ರ ಹಲಗೆಯನ್ನು ದಾಟಿಹೋಯಿತು! ಆಟಗಳನ್ನು ಕಟ್ಟುವವರು ಈ ದೋಷವನ್ನು 'ಟನೆಲಿಂಗ್', ಎಂದರೆ ಸುರಂಗ ಕೊರೆಯುವುದು, ಎಂದು ಕರೆಯುತ್ತಾರೆ. ಇದಕ್ಕೆ ಪರಿಹಾರವೆಂದರೆ 20 ಮಾನದ ಹೆಜ್ಜೆಯನ್ನು ಐದೈದು ಮಾನದ ನಾಲ್ಕು ಕಿರುಹೆಜ್ಜೆಗಳಾಗಿ ಒಡೆದು, ಒಂದೊಂದು ಕಿರುಹೆಜ್ಜೆಯ ತರುವಾಯವೂ ತಗಲಿದೆಯೇ ಎಂದು ನೋಡುವುದು. 5 ಮಾನದ ಹೆಜ್ಜೆ 14 ಮಾನದ ವಲಯವನ್ನು ಹಾರಿ ದಾಟಲಾರದು.

ಈ ದೋಷವನ್ನು ಯಾವ ಬಣ್ಣದ ಬ್ಲಾಕೂ ತಡೆಯಲಿಲ್ಲ; ಅಕ್ಷರದ ಕೋಡೂ ತಡೆಯುತ್ತಿರಲಿಲ್ಲ. ಅಣ್ಣನು ತನ್ನ ಭಾಷೆಯಲ್ಲಿ ಇದೇ ಆಟವನ್ನು ಇದೇ ರೀತಿಯಲ್ಲಿ ಬರೆದಿದ್ದರೆ ಅವನ ಚೆಂಡೂ ಹಲಗೆಯ ಮೂಲಕ ಹೋಗುತ್ತಿತ್ತು. ಯಂತ್ರ ಕಾಲವನ್ನು ತುಂಡು ತುಂಡಾಗಿ ನೋಡುತ್ತದೆಂಬ ಅರಿವು, ವೇಗಕ್ಕೂ ದಪ್ಪಕ್ಕೂ ಇರುವ ಸಂಬಂಧದ ಲೆಕ್ಕ, ಸಮಸ್ಯೆಯನ್ನು ಚಿಕ್ಕ ಹೆಜ್ಜೆಗಳಾಗಿ ಒಡೆಯುವ ಯುಕ್ತಿ, ಇವೇ ಪ್ರೋಗ್ರಾಮಿಂಗ್‌ನ ತಿರುಳು. ಐ.ಬಿ.ಎಂ. ಸಂಸ್ಥೆಯ ಬೃಹತ್ ಯೋಜನೆಯೊಂದನ್ನು ನಡೆಸಿ ಅನುಭವ ಪಡೆದಿದ್ದ ಫ್ರೆಡ್ ಬ್ರೂಕ್ಸ್ 1986ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ತಂತ್ರಾಂಶವನ್ನು ಕಟ್ಟುವುದರಲ್ಲಿನ ಕಷ್ಟಗಳನ್ನು ಎರಡಾಗಿ ವಿಂಗಡಿಸಿದನು. ಒಂದು, ವಿಷಯದ ಸ್ವಭಾವದಲ್ಲಿಯೇ ಇರುವ ಕಷ್ಟ. ಇನ್ನೊಂದು, ನಾವು ಬಳಸುವ ಉಪಕರಣದಿಂದ ಬರುವ ಆಗಂತುಕ ಕಷ್ಟ. ಉಪಕರಣ ಎಷ್ಟೇ ಉತ್ತಮವಾದರೂ ಅದು ಎರಡನೆಯದನ್ನು ಮಾತ್ರ ಕಡಮೆ ಮಾಡಬಲ್ಲದು. ಚಿತ್ರರೂಪದ ಪ್ರೋಗ್ರಾಮಿಂಗ್‌ನಿಂದ ಅದ್ಭುತವೇನೋ ಆಗುವುದೆಂಬುದನ್ನು ಅವನು ನಂಬಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಆದರೆ ಅವನ ವಿಂಗಡಣೆ ಎರಡು ಕಡೆಗೂ ಅಲಗುಳ್ಳ ಕತ್ತಿ. ಚಿತ್ರದ ಸಾಧನ ಸ್ವಭಾವದ ಕಷ್ಟವನ್ನು ತೆಗೆಯಲಾರದೆಂದರೆ, ಅದನ್ನು ಬಳಸುವವನು ಆ ಕಷ್ಟವನ್ನು ಎದುರಿಸಲೇಬೇಕೆಂದಾಯಿತು. ಎದುರಿಸಿ ಗೆದ್ದವನು ಪ್ರೋಗ್ರಾಮ್ ಮಾಡಿದವನೇ ಸರಿ.

ರೇಖಾಗಣಿತವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ವೃತ್ತವನ್ನು ಕೈವಾರದಿಂದ ಎಳೆಯಬಹುದು, ಸಮೀಕರಣದಿಂದಲೂ ಬರೆಯಬಹುದು. 1637ರಲ್ಲಿ ಡೆಕಾರ್ಟ್ ತನ್ನ ರೇಖಾಗಣಿತದ ಗ್ರಂಥವನ್ನು ಪ್ರಕಟಿಸಿ ಚಿತ್ರ ಮತ್ತು ಅಕ್ಷರಗಳೆರಡೂ ಒಂದೇ ಸತ್ಯದ ಎರಡು ರೂಪಗಳೆಂಬುದಕ್ಕೆ ದಾರಿ ತೋರಿದನು. ಆ ಬಳಿಕ ಕೈವಾರವನ್ನು ಯಾರೂ ಎಸೆಯಲಿಲ್ಲ; ಕೈವಾರ ಹಿಡಿದವನು ಗಣಿತಜ್ಞನಲ್ಲವೆಂದೂ ಹೇಳಲಿಲ್ಲ. ಸ್ಪರ್ಶರೇಖೆಯನ್ನು ಕಣ್ಣಿಗೆ ಕಾಣಿಸಲು ಚಿತ್ರ ಬೇಕು. ನೂರು ವಕ್ರರೇಖೆಗಳನ್ನು ಒಟ್ಟಿಗೆ ವಿಚಾರಿಸಲು ಸಮೀಕರಣ ಬೇಕು.

ಹಾಗೆಂದು ಚಿತ್ರದ ಮಿತಿಗಳನ್ನು ಮರೆಮಾಚುವುದು ಸಲ್ಲದು. ಇಪ್ಪತ್ತು ಬ್ಲಾಕುಗಳ ಪ್ರೋಗ್ರಾಮ್ ಒಂದು ನೋಟಕ್ಕೆ ಸಿಕ್ಕುತ್ತದೆ; ಎರಡು ಸಾವಿರ ಬ್ಲಾಕುಗಳದು ಸಿಕ್ಕುವುದಿಲ್ಲ. ಗೆರೆಗಳು ಒಂದನ್ನೊಂದು ಅಡ್ಡಹಾದು ಸಿಕ್ಕುಗಟ್ಟಿದ ನೂಲಿನಂತಾಗುತ್ತವೆ. ನಿನ್ನೆಯ ಪ್ರತಿಗೂ ಇಂದಿನ ಪ್ರತಿಗೂ ಏನು ವ್ಯತ್ಯಾಸವೆಂದು ಹುಡುಕುವುದು ಅಕ್ಷರಗಳಲ್ಲಿ ಸುಲಭ, ಚಿತ್ರದಲ್ಲಿ ಕಷ್ಟ. 1992ರಲ್ಲಿ ಗ್ರೀನ್ ಮತ್ತು ಪೀಟ್ರೆ ಎಂಬ ಸಂಶೋಧಕರು ಅನುಭವಿಗಳನ್ನೇ ಪರೀಕ್ಷಿಸಿ, ಚಿತ್ರರೂಪದ ಪ್ರೋಗ್ರಾಮನ್ನು ಓದಿ ತಿಳಿಯಲು ಅಕ್ಷರದ್ದಕ್ಕಿಂತ ಹೆಚ್ಚು ಸಮಯ ಹಿಡಿಯಿತೆಂದು ಕಂಡುಕೊಂಡರು. ಚಿತ್ರವಾದ ಮಾತ್ರಕ್ಕೆ ಎಲ್ಲವೂ ಸುಲಭವೆಂಬ ನಂಬಿಕೆಗೆ ಇದು ಒಳ್ಳೆಯ ಎಚ್ಚರಿಕೆ.

ಇನ್ನೊಂದು ಎಚ್ಚರಿಕೆ ಆಟದ ಸಾಧನಗಳ ಲೋಕದಿಂದಲೇ ಬಂದಿದೆ. ಗೋಡೋ ಎಂಬ ಮುಕ್ತ ಸಾಧನಕ್ಕೆ 2018ರ 3.0 ಆವೃತ್ತಿಯಲ್ಲಿ 'ವಿಷುಯಲ್‌ಸ್ಕ್ರಿಪ್ಟ್' ಎಂಬ ಚಿತ್ರರೂಪದ ಪದ್ಧತಿಯನ್ನು ಸೇರಿಸಲಾಯಿತು. ಬಳಸಿದವರು ಬಹಳ ಕಡಮೆ. 2023ರಲ್ಲಿ ಹೊರಬಂದ 4.0 ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಅಕ್ಷರದ ಒಂದೊಂದು ಆದೇಶವನ್ನೂ ಒಂದೊಂದು ಪೆಟ್ಟಿಗೆಯನ್ನಾಗಿ ಮಾಡಿದರೆ ಸಾಲದು, "ಪುಟಿ", "ಬೆನ್ನಟ್ಟು" ಎಂಬಂತಹ ಅರ್ಥಪೂರ್ಣವಾದ ದೊಡ್ಡ ಘಟಕಗಳು ಕೈಗೆ ಸಿಕ್ಕಿದಾಗಲೇ ಚಿತ್ರಕ್ಕೆ ಪ್ರಯೋಜನ ಎಂಬುದು ಇದರಿಂದ ನಾನು ಕಲಿತ ಮೊದಲ ಪಾಠ. ಎರಡನೆಯದು ವಿದ್ಯಾರ್ಥಿಗಳಿಗೆ ಹೆಚ್ಚು ಮುಖ್ಯ. ಸಾಧನ ಅದನ್ನು ಮಾಡಿದವರ ವಶದಲ್ಲಿದೆ; ನಾಳೆ ಅದು ಬದಲಾಗಬಹುದು, ಇಲ್ಲವಾಗಬಹುದು. ಬ್ಲಾಕುಗಳ ಸ್ಥಾನವನ್ನು ಮಾತ್ರ ಬಾಯಿಪಾಠ ಮಾಡಿದವನು ಅಂದು ಬರಿಗೈಯವನಾಗುತ್ತಾನೆ. ಚೆಂಡು ಹಲಗೆಯನ್ನು ಏಕೆ ದಾಟಿತೆಂಬುದನ್ನು ತಿಳಿದವನು ಯಾವ ಸಾಧನದಲ್ಲಿ ಬೇಕಾದರೂ ಮತ್ತೆ ಕಟ್ಟಬಲ್ಲನು.

ಬ್ಲಾಕುಗಳಿಂದ ಆರಂಭಿಸಿದವರು ಮುಂದೆ ಹಿಂದುಳಿಯುತ್ತಾರೆಯೇ? ಅಮೆರಿಕದಲ್ಲಿ ವೈನ್‌ಟ್ರಾಪ್ ಮತ್ತು ವಿಲೆನ್ಸ್ಕಿ ಎಂಬವರು ಪ್ರೌಢಶಾಲೆಯ ಎರಡು ತರಗತಿಗಳನ್ನು ಹೋಲಿಸಿ ನೋಡಿದರು. ಒಂದರಲ್ಲಿ ಐದು ವಾರ ಬ್ಲಾಕುಗಳಿಂದಲೂ ಇನ್ನೊಂದರಲ್ಲಿ ಅಕ್ಷರದ ಕೋಡಿನಿಂದಲೂ ಪಾಠ ನಡೆಯಿತು. 2017ರಲ್ಲಿ ಪ್ರಕಟವಾದ ವರದಿಯಂತೆ ಬ್ಲಾಕುಗಳ ತರಗತಿಯವರು ಹೆಚ್ಚು ಪ್ರಗತಿ ತೋರಿಸಿದ್ದರು. ಆದರೆ ಬಳಿಕ ಎರಡು ತರಗತಿಗಳೂ ಹತ್ತು ವಾರ ಜಾವಾ ಭಾಷೆಯನ್ನು ಕಲಿತಾಗ ಆ ಅಂತರ ಉಳಿಯಲಿಲ್ಲ. ಒಂದು ಶಾಲೆಯ ಪ್ರಯೋಗದಿಂದ ಜಗತ್ತಿಗೆಲ್ಲ ನಿಯಮ ಮಾಡಬಾರದು. ಆದರೂ ಬ್ಲಾಕುಗಳಿಂದ ಮೇಲುಗೈ ಶಾಶ್ವತವಾಗಿ ಉಳಿಯದಿದ್ದಂತೆ, ಹಾನಿಯೂ ಆಗಲಿಲ್ಲ ಎಂಬುದು ಸಮಾಧಾನದ ಸಂಗತಿ. ಇಂತಹ ಸಾಧನಗಳಿಂದ ಮಕ್ಕಳ ಆಟಗಳು ಮಾತ್ರ ಹುಟ್ಟುತ್ತವೆಂಬುದೂ ನಿಜವಲ್ಲ. 2014ರಲ್ಲಿ ಸ್ಕಾಟ್ ಕಾಥನ್ ಒಬ್ಬನೇ ಕಟ್ಟಿ ಜಗತ್ತಿನಲ್ಲೆಲ್ಲ ಹೆಸರು ಪಡೆದ 'ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್' ಎಂಬ ಆಟವು, ಘಟನೆಗಳನ್ನೂ ಅವುಗಳಿಗೆ ತಕ್ಕ ಕ್ರಿಯೆಗಳನ್ನೂ ಕೋಷ್ಟಕದಲ್ಲಿ ಜೋಡಿಸುವ 'ಕ್ಲಿಕ್‌ಟೀಮ್ ಫ್ಯೂಷನ್' ಎಂಬ ಸಾಧನದಿಂದ ನಿರ್ಮಿತವಾದುದು.

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳ ವಿಚಾರವಾಗಿ ಒಂದು ಮಾತು. ಅಕ್ಷರದ ಕೋಡಿನ ಭಾಷೆಗಳಲ್ಲಿ ಬಹುಪಾಲಿನ ಮೂಲಶಬ್ದಗಳು ಇಂಗ್ಲಿಷಿನವು. ನಮ್ಮ ಹಳ್ಳಿಯ ಪ್ರೌಢಶಾಲೆಯ ಹುಡುಗನಿಗೆ ಆದ್ದರಿಂದ ಎರಡು ಹೊರೆ: ತರ್ಕದ್ದೊಂದು, ಭಾಷೆಯದೊಂದು. ಎರಡನೆಯದರ ಭಾರಕ್ಕೆ ಕುಸಿದವನನ್ನು ನೋಡಿ ನಾವು, ಅವನಿಗೆ ಮೊದಲನೆಯದೇ ಇಲ್ಲವೆಂದು ತೀರ್ಮಾನಿಸಿಬಿಡುತ್ತೇವೆ. ಬ್ಲಾಕಿನ ಮೇಲಿನ ಮಾತನ್ನು ಯಾವ ಭಾಷೆಗೆ ತಿರುಗಿಸಿದರೂ ಅದರ ಕೆಲಸ ಬದಲಾಗುವುದಿಲ್ಲ. ಸ್ಕ್ರ್ಯಾಚ್ ಎಪ್ಪತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ದೊರೆಯುವುದು ಇದೇ ಕಾರಣದಿಂದ ಸಾಧ್ಯವಾಗಿದೆ. ಇಂಗ್ಲಿಷ್ ಕಲಿಯಬೇಡವೆಂದು ನಾನು ಹೇಳುತ್ತಿಲ್ಲ. ಒಂದು ಹೊರೆಯನ್ನು ಹೊರಲು ಕಲಿತ ಬಳಿಕ ಇನ್ನೊಂದನ್ನು ಹೊರಿಸುವುದು ವಿವೇಕವೆಂದು ಮಾತ್ರ ಹೇಳುತ್ತಿದ್ದೇನೆ.

ಆದುದರಿಂದ ವಿದ್ಯಾರ್ಥಿ ಮಿತ್ರರಿಗೆ ನನ್ನ ಸಲಹೆ ಇಷ್ಟೆ. ಆಟ ಕಟ್ಟಬೇಕೆಂಬ ಆಸೆ ಇದ್ದರೆ ಬ್ಲಾಕುಗಳಿಂದ ಆರಂಭಿಸಲು ನಾಚಬೇಡಿ. ಜೋಡಿಸುವ ಮೊದಲು, ಏನಾದಾಗ ಏನಾಗಬೇಕೆಂಬುದನ್ನು ಕಾಗದದ ಮೇಲೆ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ತಪ್ಪು ಬಂದಾಗ ಬ್ಲಾಕುಗಳನ್ನು ಕಂಡ ಕಂಡಂತೆ ಬದಲಿಸದೆ, ಕಾರಣವನ್ನು ಲೆಕ್ಕ ಹಾಕಿ ಹುಡುಕಿ. ನಿಮ್ಮ ಆಟ ಬೆಳೆದು ತೆರೆಯಲ್ಲಿ ಹಿಡಿಸದಷ್ಟಾದಾಗ, ಅಕ್ಷರದ ಕೋಡನ್ನು ಕಲಿಯುವ ಕಾಲ ಬಂದಿತೆಂದು ತಿಳಿಯಿರಿ, ಅಲ್ಲಿಯೇ ನಿಂತುಬಿಡಬೇಡಿ. ಅಧ್ಯಾಪಕರೂ ಹಿರಿಯ ವಿದ್ಯಾರ್ಥಿಗಳೂ ಒಂದನ್ನು ನೆನಪಿಡಬೇಕು: ಮೊದಲ ಮೆಟ್ಟಿಲಿನ ಮೇಲೆ ನಿಂತವನಿಗೆ ಎರಡನೆಯ ಮೆಟ್ಟಿಲನ್ನು ತೋರಿಸುವುದು ನೆರವು, ಮೊದಲನೆಯದು ಮೆಟ್ಟಿಲೇ ಅಲ್ಲವೆನ್ನುವುದು ಕೇವಲ ಅಹಂಕಾರ.

ಆ ಸಂಜೆ ನಾನು ಹುಡುಗಿಯ ಪ್ರಶ್ನೆಗೆ ನೇರವಾಗಿ ಉತ್ತರ ಹೇಳಲಿಲ್ಲ. ಅವಳ ಅಣ್ಣನನ್ನು ಕರೆದು, ಚೆಂಡು ಹಲಗೆಯನ್ನು ಏಕೆ ದಾಟುತ್ತದೆಯೋ ಹೇಳೆಂದು ಕೇಳಿದೆನು. ಅವನು ಮೊದಲು ಬ್ಲಾಕುಗಳ ಮೇಲೆ ತಪ್ಪು ಹೊರಿಸಿದನು. ಆಮೇಲೆ ಕಾಗದ ತೆಗೆದುಕೊಂಡು ಚೆಂಡಿನ ಹೆಜ್ಜೆಗಳನ್ನು ಗುರುತು ಹಾಕತೊಡಗಿದನು. ಸ್ವಲ್ಪ ಹೊತ್ತಿನಲ್ಲಿ ತಂಗಿಯೂ ಪಕ್ಕದಲ್ಲಿ ಬಂದು ಕುಳಿತಳು. "ಅಣ್ಣ, ಹೆಜ್ಜೆ ಚಿಕ್ಕದಾದರೆ ತಪ್ಪಿಸಿಕೊಳ್ಳೋದಕ್ಕಾಗಲ್ಲ, ಅಲ್ಲವಾ?" ಎಂದು ಮೊದಲು ಹೇಳಿದವಳು ಆಕೆಯೇ. ಆಟ ಅಂದು ರಾತ್ರಿ ಸರಿಹೋಯಿತು. ಅದು ಪ್ರೋಗ್ರಾಮ್ ಹೌದೋ ಅಲ್ಲವೋ ಎಂಬ ವಿವಾದವನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.